ಹಬ್ಬದ ಊಟ ದಿನದ ಊಟವಾದಾಗ: ಅಮೆರಿಕದ ಸೋಲ್ ಫುಡ್ ಮೇಲಿನ ಆರೋಪ ಎಷ್ಟು ನಿಜ?

ಬಸ್ಸಾರು ಮಾಡುವ ಮನೆಯಲ್ಲಿ ಬೆಳೆದವರಿಗೆ ಒಂದು ಪಾಠ ಚಿಕ್ಕಂದಿನಲ್ಲೇ ಆಗಿರುತ್ತದೆ. ಸೊಪ್ಪು, ಕಾಳು ಬೆಂದ ನೀರನ್ನು ಚೆಲ್ಲುವ ಹಾಗಿಲ್ಲ. ನಮ್ಮಜ್ಜಿ ದಂಟಿನ ಸೊಪ್ಪು, ಅಲಸಂದೆ ಕಾಳು ಬೇಯಿಸಿ, ಪಾತ್ರೆಗೆ ತಟ್ಟೆ ಅಡ್ಡ ಹಿಡಿದು ಬಸಿಯುತ್ತಿದ್ದರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಬಿದ್ದರೆ ಪಲ್ಯ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಮುದ್ದೆ ಮುರಿದು ಅದರಲ್ಲಿ ಅದ್ದಿ ನುಂಗಿದರೆ ಆ ಹೊತ್ತಿನ ಊಟ ಆಯಿತು.

ಉತ್ತರ ಕೆರೊಲೈನಾದಲ್ಲಿ ಕೆಲವು ವರ್ಷ ಇದ್ದಾಗ ಪಕ್ಕದ ಮನೆಯ ಅಡುಗೆಮನೆಯಲ್ಲಿ ನಾನು ಅದೇ ನೀರನ್ನು ಮತ್ತೆ ಕಂಡೆ. ಆ ಮನೆಯವರು ಎಪ್ಪತ್ತು ದಾಟಿದ ಕಪ್ಪು ಹೆಂಗಸು. ಅವತ್ತು ಭಾನುವಾರ. ಸಿಂಕಿನ ತುಂಬ ಕಾಲರ್ಡ್ ಸೊಪ್ಪು. ಕೋಸಿನ ಬಳಗದ್ದೇ, ಆದರೆ ಉಂಡೆ ಕಟ್ಟುವುದಿಲ್ಲ. ಎಲೆ ಅಗಲವಾಗಿ, ದಪ್ಪವಾಗಿ ಇರುತ್ತದೆ. "ಮೂರು ನೀರಲ್ಲಿ ತೊಳಿ ಮಗಾ, ಮರಳು ಹಲ್ಲಿಗೆ ಸಿಕ್ಕಿದರೆ ಊಟವೇ ಹಾಳು" ಅಂದರು. ನಡುವಿನ ದಂಟು ಸೀಳಿ ತೆಗೆದರು. ನಾಲ್ಕೈದು ಎಲೆ ಒಂದರ ಮೇಲೊಂದು ಇಟ್ಟು, ಬೀಡಿಯ ಹಾಗೆ ಸುತ್ತಿ, ಸರಸರ ಹೆಚ್ಚಿದರು. ಒಲೆ ಮೇಲೆ ಈರುಳ್ಳಿ, ಒಣಮೆಣಸಿನ ಚೂರು, ಹೊಗೆ ಹಾಕಿದ ಟರ್ಕಿ ಕೋಳಿಯ ರೆಕ್ಕೆ ಕುದಿಯುತ್ತಿತ್ತು. ಸೊಪ್ಪು ಅದರೊಳಗೆ ಇಳಿಯಿತು. ಗಂಟೆಗೂ ಮೀರಿ ಬೆಂದ ಮೇಲೆ ತಳದಲ್ಲಿ ಹಸಿರು-ಕಂದು ಬಣ್ಣದ ನೀರು ನಿಂತಿತ್ತು. ಅದಕ್ಕೆ ಪಾಟ್‌ಲಿಕ್ಕರ್ ಅನ್ನುತ್ತಾರೆ. ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಮುರಿದು ಅದರಲ್ಲಿ ಅದ್ದಿ ನನ್ನ ಕೈಗೆ ಕೊಟ್ಟರು. ನನಗೆ ಅಜ್ಜಿ ನೆನಪಾದರು.

ಮೊದಲು ಆ ಪಾತ್ರೆಗೆ ಹಂದಿಯ ಕಾಲಿನ ಗೆಣ್ಣು ಬೀಳುತ್ತಿತ್ತಂತೆ. ಉಪ್ಪು ಹಾಕಿ, ಹೊಗೆ ಹಾಕಿ ಒಣಗಿಸಿದ್ದು. ಬಿಪಿ ಬಂದ ಮೇಲೆ ಬಿಟ್ಟರು. ಆಸ್ಪತ್ರೆಯಲ್ಲಿ ಕೊಟ್ಟ ಆಹಾರದ ಪಟ್ಟಿಯನ್ನೂ ತೋರಿಸಿದರು. ಅದರಲ್ಲಿ ಸಲಾಡ್ ಇತ್ತು, ಸುಟ್ಟ ಮೀನು ಇತ್ತು, ಮೊಸರು ಇತ್ತು. ಅವರು ಹುಟ್ಟಿದಾಗಿನಿಂದ ಉಂಡ ಒಂದೇ ಒಂದು ಅಡುಗೆಯ ಹೆಸರೂ ಇರಲಿಲ್ಲ. "ಇದರಲ್ಲಿ ನಾನೆಲ್ಲೂ ಇಲ್ಲ" ಅಂದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಕಪ್ಪು ಅಮೆರಿಕನ್ನರ ಈ ಅಡುಗೆಗೆ ಸೋಲ್ ಫುಡ್ ಅಂತ ಹೆಸರು, ಆತ್ಮದ ಊಟ. ಅಮೆರಿಕದ ಕಪ್ಪು ವಯಸ್ಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ರಕ್ತದೊತ್ತಡ ಇದೆ. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಕಿಡ್ನಿ ತೊಂದರೆ ಎಲ್ಲವೂ ಬಿಳಿಯರಿಗಿಂತ ಹೆಚ್ಚು. ಕಾರಣ ಕೇಳಿದರೆ ಬೆರಳು ನೇರವಾಗಿ ಊಟದ ತಟ್ಟೆಯ ಕಡೆ ಹೋಗುತ್ತದೆ. ನಿಮ್ಮ ಊಟವೇ ನಿಮ್ಮನ್ನು ಕೊಲ್ಲುತ್ತಿದೆ, ಬಿಟ್ಟುಬಿಡಿ. ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಆದರೆ ದೊಡ್ಡದೊಂದು ತಪ್ಪೂ ಇದೆ. ಯಾವ ಊಟ, ಎಂದಿನ ಊಟ, ಅದು ದಿನದ ಊಟ ಯಾವಾಗ ಆಯಿತು ಅಂತ ಯಾರೂ ಕೇಳುವುದಿಲ್ಲ.

ತಟ್ಟೆಯಲ್ಲಿ ಏನಿತ್ತು

ಅಟ್ಲಾಂಟಿಕ್ ದಾಟಿಸಿ ತಂದ ಜನರ ಜತೆ ಅವರ ಬೆಳೆಗಳೂ ಬಂದವು. ಬೆಂಡೆಕಾಯಿ, ಅಲಸಂದೆ, ಜೋಳ, ಎಳ್ಳು, ಕಲ್ಲಂಗಡಿ, ಆಫ್ರಿಕಾದ ಕೆಂಪು ಅಕ್ಕಿ. ಲೂಸಿಯಾನಾದ ಹೆಸರಾಂತ ಗಂಬೋ ಸಾರಿಗೆ ಆ ಹೆಸರು ಬಂದಿದ್ದೇ ಬೆಂಡೆಕಾಯಿಗೆ ಮಧ್ಯ ಆಫ್ರಿಕಾದ ಭಾಷೆಗಳಲ್ಲಿದ್ದ ಪದದಿಂದ. ದಕ್ಷಿಣ ಕೆರೊಲೈನಾ, ಜಾರ್ಜಿಯಾ ಕರಾವಳಿಯ ಭತ್ತದ ಗದ್ದೆಗಳು ನಿಂತಿದ್ದು ಪಶ್ಚಿಮ ಆಫ್ರಿಕಾದಿಂದ ಬಂದವರ ದುಡಿಮೆ ಮತ್ತು ತಿಳಿವಳಿಕೆಯ ಮೇಲೆ. ಅಲ್ಲಿನ ಗಲ್ಲಾ ಗೀಚೀ ಜನರ ಕೆಂಪು ಅನ್ನಕ್ಕೂ ಪಶ್ಚಿಮ ಆಫ್ರಿಕಾದ ಜೊಲೊಫ್ ಅನ್ನಕ್ಕೂ ಅಕ್ಕ-ತಂಗಿಯರ ಹೋಲಿಕೆ ಇದೆ.

ಗುಲಾಮರಿಗೆ ಮಾಲೀಕ ಅಳೆದು ಕೊಡುತ್ತಿದ್ದ ಪಡಿ ಬೇರೆ. ಮೇರಿಲ್ಯಾಂಡ್‌ನಲ್ಲಿ ಗುಲಾಮರಾಗಿ ಹುಟ್ಟಿದ ಫ್ರೆಡೆರಿಕ್ ಡಗ್ಲಸ್ ಆ ಲೆಕ್ಕವನ್ನು ಬರೆದಿಟ್ಟಿದ್ದಾರೆ. ತಿಂಗಳಿಗೆ 8 ಪೌಂಡ್, ಅಂದರೆ ಮೂರೂವರೆ ಕಿಲೋ ಚಿಲ್ಲರೆ ಹಂದಿ ಮಾಂಸ ಅಥವಾ ಅಷ್ಟೇ ಬೆಲೆಯ ಮೀನು. ಜತೆಗೆ ಒಂದು ಬುಷೆಲ್ ಮೆಕ್ಕೆಜೋಳದ ಹಿಟ್ಟು, ನಮ್ಮ ಅಳತೆಯಲ್ಲಿ ಸುಮಾರು 35 ಲೀಟರ್. ಕತ್ತಲಿಂದ ಕತ್ತಲವರೆಗೆ ಹೊಲದಲ್ಲಿ ಗೇಯುವವರಿಗೆ ಇಷ್ಟೇ. ಇದರಲ್ಲಿ ಬದುಕಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಗುಡಿಸಲ ಹಿಂದಿನ ತುಂಡು ನೆಲದಲ್ಲಿ ಸೊಪ್ಪು, ಗೆಣಸು, ಅಲಸಂದೆ ಹಾಕಿಕೊಂಡರು. ಹೊಳೆಯಲ್ಲಿ ಮೀನು ಹಿಡಿದರು. ಹಂದಿ ಕಡಿದಾಗ ಮಾಲೀಕನ ಮನೆಗೆ ಬೇಡವಾದ ಕಾಲು, ಕಿವಿ, ಕರುಳು ಇವರ ಪಾಲಿಗೆ ಬಂತು. ಕರುಳನ್ನು ಗಂಟೆಗಟ್ಟಲೆ ತೊಳೆದು ಬೇಯಿಸಿದರೆ ಚಿಟ್ಲಿನ್ಸ್. ನಮ್ಮಲ್ಲಿ ಬೋಟಿ ತೊಳೆದು ಗೊತ್ತಿರುವವರಿಗೆ ಆ ಕೆಲಸದ ಕಷ್ಟ ಹೇಳಬೇಕಾಗಿಲ್ಲ.

ಮಾಂಸ ಇದ್ದಿದ್ದು ರುಚಿಗೆ. ಹೊಟ್ಟೆ ತುಂಬಿಸಿದ್ದು ಸೊಪ್ಪು, ಕಾಳು, ಗೆಣಸು, ಮೆಕ್ಕೆಜೋಳ. ಇದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಸೊಪ್ಪು ಕುದಿಸಿದಾಗ ಅದರ ವಿಟಮಿನ್ ಸಿ, ಫೋಲೇಟ್, ಪೊಟ್ಯಾಸಿಯಂ ಸಾಕಷ್ಟು ನೀರಿಗೆ ಇಳಿಯುತ್ತವೆ. ಆ ನೀರನ್ನು ಚೆಲ್ಲದೆ ಕಾರ್ನ್‌ಬ್ರೆಡ್ ಜತೆ ಉಂಡವರು ಪುಸ್ತಕ ಓದಿ ಕಲಿತವರಲ್ಲ.

ಹಾಗಾದರೆ ಕರಿದ ಕೋಳಿ, ಚೀಸ್ ಸುರಿದ ಮ್ಯಾಕರೋನಿ, ಗೆಣಸಿನ ಸಿಹಿ ಪೈ, ಪೀಚ್ ಹಣ್ಣಿನ ಕಾಬ್ಲರ್ ಅನ್ನುವ ಸಿಹಿ? ಇವೂ ಸೋಲ್ ಫುಡ್ಡೇ. ಆದರೆ ಇವು ಭಾನುವಾರದ, ಹಬ್ಬದ ಅಡುಗೆ. ಚರ್ಚಿನಿಂದ ಬಂದ ಮೇಲೆ, ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಊರಿಗೆ ಪಾದ್ರಿ ಬಂದಾಗ. ಕೋಳಿ ಕೊಯ್ಯುವುದು, ಬೆಣ್ಣೆ, ಬಿಳಿ ಸಕ್ಕರೆ, ಗೋಧಿ ಹಿಟ್ಟು ಕೊಳ್ಳುವುದು ದಿನಾ ಆಗುವ ಮಾತಾಗಿರಲಿಲ್ಲ. ನಮ್ಮಲ್ಲಿ ಹೋಳಿಗೆ ಹೇಗೋ ಹಾಗೆ. ವರ್ಷಕ್ಕೆ ನಾಲ್ಕು ಸಲ ತುಪ್ಪ ಸುರಿದು ಉಂಡರೆ ಯಾರಿಗೂ ಏನೂ ಆಗುವುದಿಲ್ಲ. ದಿನಾ ಬೆಳಗ್ಗೆ ಹೋಳಿಗೆ ತಿಂದವರನ್ನು ನೋಡಿ ಕರ್ನಾಟಕದ ಊಟವೇ ರೋಗ ಅಂದರೆ ಒಪ್ಪುತ್ತೇವೆಯೇ?

ಕೋಳಿ ಮಾರಿದ ದುಡ್ಡಲ್ಲಿ ನಡೆದ ಹೋರಾಟ

1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ಹಳ್ಳಿಗಳನ್ನು ಬಿಟ್ಟು ಷಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್, ಲಾಸ್ ಏಂಜಲಿಸ್ ಕಡೆ ಹೋದರು. ಊರು ಬಿಟ್ಟವರಿಗೆ ಊಟವೇ ಊರಾಯಿತು. 1960ರ ದಶಕದಲ್ಲಿ ಸೋಲ್ ಅನ್ನುವ ಪದ ಹೆಮ್ಮೆಯ ಪದವಾದಾಗ ಈ ಅಡುಗೆಗೂ ಆ ಹೆಸರು ಅಂಟಿತು. ಮಾಲೀಕ ಎಸೆದದ್ದು ಅಂತ ಹೀಗಳೆಯುತ್ತಿದ್ದ ಊಟವನ್ನು ತಲೆ ಎತ್ತಿ ತಮ್ಮದು ಅಂದರು. ಸಿಲ್ವಿಯಾ ವುಡ್ಸ್ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ತಮ್ಮ ಹೋಟೆಲು ತೆರೆದಿದ್ದು 1962ರಲ್ಲಿ. ನ್ಯೂ ಆರ್ಲಿಯನ್ಸ್‌ನಲ್ಲಿ ಲೀಯಾ ಚೇಸ್ ತಮ್ಮ ಹೋಟೆಲಿನ ಮಹಡಿಯಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರಿಗೆ ಗಂಬೋ ಬಡಿಸುತ್ತಿದ್ದರು. ಕಪ್ಪು-ಬಿಳಿ ಜನ ಒಂದೇ ಮೇಜಿನಲ್ಲಿ ಕೂರುವುದು ಕಾನೂನಿಗೆ ವಿರುದ್ಧವಾಗಿದ್ದ ಕಾಲ ಅದು.

ಜಾರ್ಜಿಯಾ ಗಿಲ್ಮೋರ್ ಅವರ ಕತೆ ನನಗೆ ಬಹಳ ಇಷ್ಟ. 1955ರ ಡಿಸೆಂಬರಿನಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವ ನಿಯಮದ ವಿರುದ್ಧ ಬಸ್ ಬಹಿಷ್ಕಾರ ಶುರುವಾಯಿತು. 381 ದಿನ ನಡೆಯಿತು. ಜನರನ್ನು ಕೆಲಸಕ್ಕೆ ಸಾಗಿಸುವ ಕಾರುಗಳಿಗೆ ಪೆಟ್ರೋಲ್ ಬೇಕು, ರಿಪೇರಿಗೆ ದುಡ್ಡು ಬೇಕು. ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಗಿಲ್ಮೋರ್ ನೆರೆಯ ಹೆಂಗಸರನ್ನು ಸೇರಿಸಿಕೊಂಡು ಕರಿದ ಕೋಳಿಯ ಸ್ಯಾಂಡ್‌ವಿಚ್, ಗೆಣಸಿನ ಪೈ, ಕೇಕ್ ಮಾಡಿ ಬ್ಯೂಟಿ ಪಾರ್ಲರುಗಳಲ್ಲಿ, ಮನೆಮನೆಗಳಲ್ಲಿ ಮಾರಿದರು. ಬಂದ ದುಡ್ಡು ಹೋರಾಟಕ್ಕೆ. ಆ ಗುಂಪಿಗೆ ಇಟ್ಟ ಹೆಸರು "ಎಲ್ಲಿಂದಲೂ ಅಲ್ಲದ ಕ್ಲಬ್". ಸಭೆಯಲ್ಲಿ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದರೆ ಎಲ್ಲಿಂದಲೂ ಇಲ್ಲ ಅನ್ನಬಹುದಿತ್ತು. ಬಿಳಿಯರ ಮನೆಗೆಲಸ ಮಾಡುವ ಹೆಂಗಸರ ಹೆಸರು ಹೊರಗೆ ಬಂದರೆ ಅವರ ಕೆಲಸ ಹೋಗುತ್ತಿತ್ತು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ್ದಕ್ಕೆ ಗಿಲ್ಮೋರ್ ತಮ್ಮ ಕೆಲಸ ಕಳೆದುಕೊಂಡರು. ಆಮೇಲೆ ತಮ್ಮ ಮನೆಯಿಂದಲೇ ಊಟ ಮಾಡಿ ಹಾಕತೊಡಗಿದರು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಬಂದು ಉಣ್ಣುತ್ತಿದ್ದರು.

ಇಂಥ ಊಟವನ್ನು ಕೊಬ್ಬು, ಉಪ್ಪು, ಕ್ಯಾಲೊರಿ ಅಂತ ಮೂರು ಪದದಲ್ಲಿ ಮುಗಿಸಿ, ಬಿಡಿ ಅಂದರೆ ಕೇಳುವವರ ಮನಸ್ಸಿಗೆ ಏನಾಗುತ್ತದೆ? ನಿಮ್ಮ ಅಜ್ಜಿ ತಪ್ಪು ಮಾಡಿದರು ಅಂದ ಹಾಗೆ ಕೇಳಿಸುತ್ತದೆ. ವೈದ್ಯರ ಮಾತಿನ ಮೇಲಿನ ನಂಬಿಕೆ ಅಲ್ಲೇ ಅರ್ಧ ಹೋಗುತ್ತದೆ.

ಹಾಗಂತ ಈ ಊಟದ ಬಗ್ಗೆ ಕಪ್ಪು ಜನರೆಲ್ಲ ಒಂದೇ ಮಾತು ಹೇಳಿದರು ಅಂದುಕೊಳ್ಳಬಾರದು. ಕಪ್ಪು ಮುಸ್ಲಿಮರ ನೇಷನ್ ಆಫ್ ಇಸ್ಲಾಂ ಸಂಘಟನೆಯ ನಾಯಕ ಎಲೈಜಾ ಮುಹಮ್ಮದ್ 1960ರ ದಶಕದಲ್ಲೇ ಇದು ಗುಲಾಮರ ಊಟ, ಬಿಡಿ ಅಂದರು. ಹಂದಿ ಮಾಂಸ ಮಾತ್ರವಲ್ಲ, ಕಾರ್ನ್‌ಬ್ರೆಡ್, ಗೆಣಸು, ಅಲಸಂದೆ, ಕಾಲರ್ಡ್ ಸೊಪ್ಪನ್ನೂ ಬೇಡ ಅಂದರು. ಅವರ ಅನುಯಾಯಿಗಳು ಗೆಣಸಿನ ಪೈ ಜಾಗದಲ್ಲಿ ನೇವಿ ಬೀನ್ಸ್ ಕಾಳಿನ ಸಿಹಿ ಪೈ ತಂದರು. ಇವತ್ತಿಗೂ ಅದನ್ನು ಬೀದಿಯಲ್ಲಿ ಮಾರುತ್ತಾರೆ. ಹಂದಿ ಬಿಡಿ ಅಂದಿದ್ದರಿಂದ ಎಷ್ಟೋ ಜನರ ಆರೋಗ್ಯಕ್ಕೆ ಒಳ್ಳೆಯದೇ ಆಗಿರಬಹುದು. ಆದರೆ ಸೊಪ್ಪು, ಅಲಸಂದೆಯನ್ನೂ ಅದೇ ಮೂಟೆಯಲ್ಲಿ ಕಟ್ಟಿ ಎಸೆದಿದ್ದು ನನಗೆ ಒಪ್ಪಿಗೆಯಿಲ್ಲ. ಅವು ಮಾಲೀಕ ಕೊಟ್ಟವಲ್ಲ. ಅಲಸಂದೆ ಆಫ್ರಿಕಾದಿಂದ ಜತೆಗೇ ಬಂದ ಕಾಳು. ಸೊಪ್ಪು ಗುಡಿಸಲ ಹಿಂದೆ ಇವರೇ ಬೆಳೆದುಕೊಂಡದ್ದು.

ಅಂಕಿಗಳು ನಿಜವಾಗಿ ಹೇಳುವುದೇನು

ಅಮೆರಿಕದ ಆಗ್ನೇಯ ರಾಜ್ಯಗಳನ್ನು ವೈದ್ಯರು ಸ್ಟ್ರೋಕ್ ಬೆಲ್ಟ್, ಅಂದರೆ ಪಾರ್ಶ್ವವಾಯುವಿನ ವಲಯ ಅಂತ ಕರೆಯುತ್ತಾರೆ. ಅಲ್ಲಿ ಆ ಕಾಯಿಲೆಯಿಂದ ಸಾಯುವವರು ಜಾಸ್ತಿ. ಕಾರಣ ಹುಡುಕಲು 2003ರಿಂದ 2007ರವರೆಗೆ 45 ದಾಟಿದ 30 ಸಾವಿರಕ್ಕೂ ಹೆಚ್ಚು ಕಪ್ಪು ಮತ್ತು ಬಿಳಿ ಜನರನ್ನು ಸೇರಿಸಿಕೊಂಡು ರಿಗಾರ್ಡ್ಸ್ ಎಂಬ ದೊಡ್ಡ ಅಧ್ಯಯನ ಶುರು ಮಾಡಿದರು. ಅದರಿಂದ 2015ರಲ್ಲಿ ಬಂದ ಒಂದು ವರದಿ ಸುದ್ದಿಯಾಯಿತು. ದಕ್ಷಿಣದ ಮಾದರಿಯ ಊಟವನ್ನು ಅತಿ ಹೆಚ್ಚು ಉಣ್ಣುವವರಿಗೆ, ಅತಿ ಕಡಿಮೆ ಉಣ್ಣುವವರಿಗಿಂತ ಹೃದಯದ ಕಾಯಿಲೆಯ ಅಪಾಯ 56% ಜಾಸ್ತಿ. 2018ರ ಇನ್ನೊಂದು ವರದಿ ಕಪ್ಪು ಜನರಿಗೇ ಯಾಕೆ ಬಿಪಿ ಜಾಸ್ತಿ ಅಂತ ನೋಡಿತು. ಆ ಅಂತರದಲ್ಲಿ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧ, ಹೆಂಗಸರಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಕಡಿಮೆ ಪಾಲು ಈ ಊಟದ ಮಾದರಿಯ ಲೆಕ್ಕಕ್ಕೆ ಬಂತು. ಇದು ಚಿಕ್ಕ ಮಾತಲ್ಲ. ಸೋಲ್ ಫುಡ್ ಮೇಲೆ ಎಷ್ಟೇ ಪ್ರೀತಿ ಇದ್ದರೂ ಈ ಅಂಕಿಯನ್ನು ಪಕ್ಕಕ್ಕೆ ಸರಿಸಲು ಆಗುವುದಿಲ್ಲ.

ಆದರೆ ಆ ಸಂಶೋಧಕರು ದಕ್ಷಿಣದ ಮಾದರಿ ಅಂದದ್ದು ಯಾವುದಕ್ಕೆ? ಕರಿದ ಪದಾರ್ಥ, ಮೇಲಿನಿಂದ ಸೇರಿಸಿದ ಕೊಬ್ಬು, ಮೊಟ್ಟೆಯ ಅಡುಗೆ, ಪ್ರಾಣಿಗಳ ಒಳಗಿನ ಭಾಗದ ಮಾಂಸ, ಸಂಸ್ಕರಿಸಿದ ಮಾಂಸ, ಸಕ್ಕರೆ ಬೆರೆಸಿದ ಪಾನೀಯ. ಸೊಪ್ಪು, ಅಲಸಂದೆ, ಬೆಂಡೆ ಆ ಹೆಸರಿಗೆ ಕಾರಣವಾದ ಪಟ್ಟಿಯಲ್ಲಿ ಇಲ್ಲ. ಅಂದರೆ ಅಳೆದದ್ದು ಅಜ್ಜಿಯ ವಾರದ ದಿನಗಳ ಊಟವನ್ನಲ್ಲ. ಹಬ್ಬದ ಊಟ, ಪ್ಯಾಕೆಟ್ಟಿನ ಮಾಂಸ, ಬಾಟಲಿಯ ಸಕ್ಕರೆ ನೀರು ಸೇರಿ ದಿನಾ ತಟ್ಟೆಗೆ ಬಂದದ್ದನ್ನು. ಸುದ್ದಿಯ ತಲೆಬರಹದಲ್ಲಿ ಈ ವ್ಯತ್ಯಾಸಕ್ಕೆ ಜಾಗ ಇರುವುದಿಲ್ಲ.

ಕೆಲವರು ಇದೆಲ್ಲ ರಕ್ತದಲ್ಲೇ ಇದೆ, ಕಪ್ಪು ಜನರ ಹುಟ್ಟೇ ಹಾಗೆ ಅನ್ನುತ್ತಾರೆ. ಷಿಕಾಗೊದ ಲೊಯೋಲಾ ವಿಶ್ವವಿದ್ಯಾಲಯದ ರಿಚರ್ಡ್ ಕೂಪರ್ ಮತ್ತು ಜತೆಗಾರರು 1997ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಒಂದೇ ಮೂಲದ ಜನರನ್ನು ಮೂರು ಕಡೆ ಅಳೆದರು. ಪಶ್ಚಿಮ ಆಫ್ರಿಕಾದಲ್ಲಿ 16% ಜನರಿಗೆ ರಕ್ತದೊತ್ತಡ. ಕೆರಿಬಿಯನ್ ದ್ವೀಪಗಳಲ್ಲಿ 26%. ಅಮೆರಿಕದಲ್ಲಿ 33%. ರಕ್ತ ಒಂದೇ, ಬದುಕು ಬೇರೆ. ತೂಕ, ಉಪ್ಪು, ಕೆಲಸ, ಒತ್ತಡ ಬದಲಾದಂತೆ ಒಂದೊಂದು ಮೆಟ್ಟಿಲು ಏರಿದೆ.

2015ರಲ್ಲಿ ಇನ್ನೊಂದು ಪ್ರಯೋಗ ಆಯಿತು. ಪಿಟ್ಸ್‌ಬರ್ಗ್‌ನ 20 ಕಪ್ಪು ಅಮೆರಿಕನ್ನರಿಗೂ ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನರಿಗೂ ಎರಡು ವಾರ ಊಟ ಅದಲು ಬದಲು ಮಾಡಿದರು. ಅಮೆರಿಕದವರಿಗೆ ನಾರು ಜಾಸ್ತಿ, ಕೊಬ್ಬು ಕಡಿಮೆ ಇರುವ ಆಫ್ರಿಕಾದ ಊಟ. ಆಫ್ರಿಕಾದವರಿಗೆ ಕೊಬ್ಬು, ಮಾಂಸದ ಅಮೆರಿಕದ ಊಟ. ಎರಡೇ ವಾರದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ತೋರಿಸುವ ಗುರುತುಗಳು ಎರಡೂ ಗುಂಪಿನಲ್ಲಿ ತಲೆಕೆಳಗಾದವು. ಅಮೆರಿಕದವರಲ್ಲಿ ಇಳಿದವು, ಆಫ್ರಿಕಾದವರಲ್ಲಿ ಏರಿದವು. ಹಿರಿಯರ ಹಿರಿಯರು ಉಂಡ ಊಟದ ಕಡೆ ತಿರುಗಿದ್ದರಿಂದ ಒಳ್ಳೆಯದಾಯಿತು. ಅದನ್ನು ಬಿಟ್ಟಿದ್ದರಿಂದಲ್ಲ.

ಸೊಪ್ಪು ಎಲ್ಲಿ ಹೋಯಿತು

ಹಬ್ಬದ ಊಟ ದಿನದ ಊಟವಾಗಲು ಎರಡು ಆಗಬೇಕು. ಹಬ್ಬದ ಪದಾರ್ಥ ಅಗ್ಗ ಆಗಬೇಕು. ದಿನದ ಪದಾರ್ಥ ಕೈತಪ್ಪಬೇಕು. ಎರಡೂ ಆದವು.

ಅಗ್ಗ ಆದದ್ದು ನಮಗೆಲ್ಲ ಗೊತ್ತಿರುವ ಕತೆ. ಕಾರ್ಖಾನೆಯಂಥ ಕೋಳಿ ಫಾರಂ, ಅಗ್ಗದ ಎಣ್ಣೆ, ಅಗ್ಗದ ಸಕ್ಕರೆ. 1960ರ ದಶಕದ ಕೊನೆಗೆ ಸರಕಾರದ ಸಾಲದ ನೆರವಿನಿಂದಲೇ ಫಾಸ್ಟ್‌ಫುಡ್ ಅಂಗಡಿಗಳು ಕಪ್ಪು ಬಡಾವಣೆಗಳಿಗೆ ಬಂದವು. ಕಪ್ಪು ಉದ್ಯಮಿಗಳಿಗೆ ದಾರಿ ಆಗಲಿ ಅನ್ನುವ ಆಸೆಯೂ ಅದರ ಹಿಂದೆ ಇತ್ತು. ಭಾನುವಾರದ ಕರಿದ ಕೋಳಿ ಸೋಮವಾರ ಮಧ್ಯಾಹ್ನಕ್ಕೂ ಸಿಗತೊಡಗಿತು.

ಕೈತಪ್ಪಿದ ಕತೆ ಅಷ್ಟು ಗೊತ್ತಿಲ್ಲ. 1920ರಲ್ಲಿ ಅಮೆರಿಕದಲ್ಲಿ 9 ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. ಇವತ್ತು 50 ಸಾವಿರಕ್ಕಿಂತ ಕಡಿಮೆ. ಸುಮ್ನೆ ಪೇಟೆ ಆಸೆಗೆ ಬಿಟ್ಟು ಹೋದವರಲ್ಲ ಅವರೆಲ್ಲ. ಬಿಳಿಯ ರೈತನಿಗೆ ಬಿತ್ತನೆ ಹೊತ್ತಿಗೆ ಸಿಗುತ್ತಿದ್ದ ಸಾಲ ಕಪ್ಪು ರೈತನಿಗೆ ತಡವಾಗಿ ಸಿಗುತ್ತಿತ್ತು, ಇಲ್ಲವೇ ಸಿಗುತ್ತಲೇ ಇರಲಿಲ್ಲ. ಉಯಿಲು ಇಲ್ಲದ ಜಮೀನು ಪಾಲಾಗಿ, ಹರಾಜಾಗಿ ಹೋಯಿತು. ಈ ತಾರತಮ್ಯಕ್ಕೆ ಕೃಷಿ ಇಲಾಖೆಯ ಮೇಲೇ ರೈತರು ಕೇಸು ಹಾಕಿದರು. ಪಿಗ್‌ಫೋರ್ಡ್ ಮೊಕದ್ದಮೆ ಅಂತ ಅದಕ್ಕೆ ಹೆಸರು. 1999ರಲ್ಲಿ ಇಲಾಖೆ ಪರಿಹಾರಕ್ಕೆ ಒಪ್ಪಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮನೆಗಳ ಹಿತ್ತಲು ಹೋಗಿತ್ತು.

ಇದು ಹೀಗಾಗುತ್ತದೆ ಅಂತ ಮೊದಲೇ ಕಂಡವರು ಮಿಸಿಸಿಪಿಯ ಫ್ಯಾನಿ ಲೂ ಹೇಮರ್. ಮತದಾನದ ಹಕ್ಕಿಗಾಗಿ ಜೈಲಿನಲ್ಲಿ ಏಟು ತಿಂದವರು. ಮತ ಹಾಕಲು ಹೆಸರು ಬರೆಸಿದ ಕೂಲಿಯನ್ನು ಜಮೀನ್ದಾರ ಗುಡಿಸಲಿನಿಂದ ಹೊರಗೆ ಹಾಕುತ್ತಿದ್ದ. ಹೇಮರ್ ಅವರಿಗೂ ಅದೇ ಆಗಿತ್ತು. ಅನ್ನ ಇನ್ನೊಬ್ಬರ ಕೈಯಲ್ಲಿದ್ದರೆ ಮತವೂ ಅವರ ಕೈಯಲ್ಲೇ ಅಂತ ಅವರಿಗೆ ಅರ್ಥವಾಗಿತ್ತು. 1969ರಲ್ಲಿ ಸನ್‌ಫ್ಲವರ್ ಕೌಂಟಿಯಲ್ಲಿ 40 ಎಕರೆಯಿಂದ ಫ್ರೀಡಂ ಫಾರ್ಮ್ ಅನ್ನುವ ಸಹಕಾರಿ ಹೊಲ ಶುರು ಮಾಡಿದರು. ಮುಂದೆ ಅದು 600 ಎಕರೆ ದಾಟಿತು. ಸೊಪ್ಪು, ಕಾಳು, ಬೆಂಡೆ ಬೆಳೆದರು. ಹಂದಿ ಬ್ಯಾಂಕ್ ಅಂತ ಮಾಡಿದರು. ಒಂದು ಮನೆಗೆ ಹೆಣ್ಣು ಹಂದಿ ಕೊಡುವುದು, ಅದು ಮರಿ ಹಾಕಿದಾಗ ಒಂದೆರಡು ಮರಿ ಬ್ಯಾಂಕಿಗೆ ವಾಪಸ್, ಅಲ್ಲಿಂದ ಇನ್ನೊಂದು ಮನೆಗೆ. ಚಳಿಗಾಲಕ್ಕೆ ಸೊಪ್ಪು, ಗಂಬೋ ಸಾರು ಡಬ್ಬಿಗಟ್ಟಲೆ ತುಂಬಿಸಿ ಇಟ್ಟುಕೊಂಡವರನ್ನು ಯಾರೂ ಹೆದರಿಸಲಾರರು, ಹೀಗೆ ಮಾತಾಡು ಅಂತ ಹೇಳಿಕೊಡಲಾರರು ಅನ್ನುತ್ತಿದ್ದರು. ಸಾಲ, ಪ್ರವಾಹ, ಬರ ಸೇರಿ ಆ ಹೊಲ 1970ರ ದಶಕದಲ್ಲೇ ಮುಚ್ಚಿತು. ಆದರೆ ಆರೋಗ್ಯ, ಊಟ, ಗೌರವ ಮೂರನ್ನೂ ಒಂದೇ ನೆಲದಲ್ಲಿ ಬೆಳೆಯಬಹುದು ಅಂತ ಅಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ.

ಅಡುಗೆಮನೆಯ ಒಳಗಿಂದಲೇ

ಈಗ ಏನು ನಡೆಯುತ್ತಿದೆ? ಬಿಟ್ಟುಬಿಡಿ ಅನ್ನುವ ದನಿ ನಿಧಾನವಾಗಿ ತಗ್ಗುತ್ತಿದೆ. ಓಲ್ಡ್‌ವೇಸ್ ಅನ್ನುವ ಸಂಸ್ಥೆ 2011ರಲ್ಲಿ ಆಫ್ರಿಕಾದ ಪರಂಪರೆಯ ಊಟದ ಪಿರಮಿಡ್ ತಂದಿತು. ಅದರ ಬುಡದಲ್ಲಿ ಸೊಪ್ಪು. ನಂತರ ಗೆಣಸು, ಕಾಳು, ಧಾನ್ಯ, ಬೆಂಡೆ. ಸಿಹಿ ತುದಿಯಲ್ಲಿ. ಸಮುದಾಯದ ಜಾಗಗಳಲ್ಲಿ ಅಡುಗೆ ತರಗತಿ ನಡೆಸುತ್ತಾರೆ. ದಕ್ಷಿಣ ಕೆರೊಲೈನಾ ವಿಶ್ವವಿದ್ಯಾಲಯದವರು ಮಾಂಸವಿಲ್ಲದ ಸೋಲ್ ಫುಡ್ ಮತ್ತು ಕಡಿಮೆ ಕೊಬ್ಬಿನ ಮಾಂಸದ ಸೋಲ್ ಫುಡ್ ಎರಡನ್ನೂ ಎರಡು ವರ್ಷದ ಪ್ರಯೋಗದಲ್ಲಿ ಹೋಲಿಸಿ ನೋಡಿದರು. ಫಲಿತಾಂಶದಲ್ಲಿ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕೆಲವರಿಗೆ ಇದು ನಿರಾಸೆ. ನನಗೆ ಇದರಲ್ಲಿ ಒಂದು ನೆಮ್ಮದಿ ಇದೆ. ಮಾಂಸ ಪೂರ್ತಿ ಬಿಟ್ಟರೇ ಉಳಿವು ಅಂತೇನಿಲ್ಲ. ಪಾತ್ರೆಯಲ್ಲಿ ಗೆಣ್ಣಿನ ಬದಲು ಟರ್ಕಿ ರೆಕ್ಕೆ ಇಳಿಸಿದ ನಮ್ಮ ನೆರೆಯವರೂ ಸರಿಯಾದ ದಾರಿಯಲ್ಲೇ ಇದ್ದರು. ಆದರೆ ಹೊಗೆ ಹಾಕಿದ ಟರ್ಕಿಯಲ್ಲೂ ಉಪ್ಪು ಇರುತ್ತದೆ. ಅದನ್ನು ಮರೆಯುವ ಹಾಗಿಲ್ಲ.

ಊಟಕ್ಕೆ ನೇರ ಸಂಬಂಧ ಇಲ್ಲದಿದ್ದರೂ ಇನ್ನೊಂದು ಪ್ರಯೋಗ ಹೇಳಲೇಬೇಕು. ಲಾಸ್ ಏಂಜಲಿಸ್‌ನಲ್ಲಿ ಕಪ್ಪು ಗಂಡಸರು ಕ್ಷೌರ ಮಾಡಿಸಿಕೊಳ್ಳುವ 52 ಅಂಗಡಿಗಳಲ್ಲಿ ಬಿಪಿ ಜಾಸ್ತಿ ಇದ್ದ 319 ಜನರನ್ನು ಆರಿಸಿದರು. ಅರ್ಧ ಅಂಗಡಿಗಳಲ್ಲಿ ಔಷಧ ತಜ್ಞರೇ ಬಂದು ಬಿಪಿ ನೋಡಿ ಮಾತ್ರೆ ಕೊಟ್ಟರು. ಉಳಿದ ಕಡೆ ಕ್ಷೌರಿಕರು ಡಾಕ್ಟರ ಹತ್ತಿರ ಹೋಗಿ ಅಂತ ಹೇಳಿದರು. 2018ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಮೊದಲ ಗುಂಪಿನ ಮೇಲಿನ ಬಿಪಿ 27 ಅಂಶ ಇಳಿದಿತ್ತು. ಎರಡನೆಯದರಲ್ಲಿ ಸುಮಾರು 9. ಜನ ನಂಬುವ ಜಾಗಕ್ಕೆ, ಅವರು ದಿನಾ ಕೂರುವ ಕುರ್ಚಿಯ ಹತ್ತಿರಕ್ಕೆ ಆರೋಗ್ಯ ಬಂದರೆ ಆಗುವ ವ್ಯತ್ಯಾಸ ಇದು. ಊಟದ ವಿಷಯದಲ್ಲಿ ಆ ಕುರ್ಚಿ ಇರುವುದು ಅಜ್ಜಿಯ ಅಡುಗೆಮನೆಯಲ್ಲಿ, ಚರ್ಚಿನ ಊಟದ ಹಾಲಿನಲ್ಲಿ.

ಜೂನ್ 19ರ ಜೂನ್‌ಟೀನ್ತ್ ಹಬ್ಬವನ್ನೇ ನೋಡಿ. 1865ರಲ್ಲಿ ಅಂದು ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮಗಿರಿ ಮುಗಿಯಿತು ಅಂತ ಸಾರಿದರು. 2021ರಿಂದ ಅದು ಇಡೀ ದೇಶಕ್ಕೆ ರಜೆ. ಅವತ್ತು ಕೆಂಪು ಪಾನೀಯ ಇರಲೇಬೇಕು. ಈಗ ಬಹುಪಾಲು ಬಾಟಲಿಯ ಕೆಂಪು ಸೋಡಾ, ಪುಡಿ ಕಲಸಿದ ಸಕ್ಕರೆ ನೀರು. ಆದರೆ ಈ ಕೆಂಪಿನ ಬೇರು ಪಶ್ಚಿಮ ಆಫ್ರಿಕಾದ ಬಿಸ್ಸಾಪ್ ಪಾನೀಯದಲ್ಲಿದೆ ಅಂತ ಆಹಾರದ ಇತಿಹಾಸಕಾರರು ಹೇಳುತ್ತಾರೆ. ಅದನ್ನು ಮಾಡುವುದು ನಮ್ಮ ಉತ್ತರ ಕರ್ನಾಟಕದವರ ಪುಂಡಿ ಗಿಡದ ಜಾತಿಯದ್ದೇ ಹೂವಿನ ಕೆಂಪು ಪುಷ್ಪಪಾತ್ರೆಯಿಂದ. ಒಣಗಿಸಿ, ಕುದಿಸಿ, ತಣಿಸಿ ಕುಡಿಯುತ್ತಾರೆ. ಕೆಲವು ಮನೆಗಳು ಸೋಡಾ ಬಿಟ್ಟು ಮತ್ತೆ ಹೂವಿಗೆ ಹೋಗುತ್ತಿವೆ. ಹಬ್ಬವೂ ಉಳಿಯಿತು, ಬಣ್ಣವೂ ಉಳಿಯಿತು.

ಪುಂಡಿ ಒಂದೇ ಅಲ್ಲ. ನಮ್ಮ ರಾಗಿ, ಜೋಳ, ಅಲಸಂದೆ ಎಲ್ಲವೂ ಸಾವಿರಾರು ವರ್ಷ ಹಿಂದೆ ಆಫ್ರಿಕಾದಿಂದ ಇಲ್ಲಿಗೆ ಬಂದವು. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿರುವ ನಮ್ಮ ಸಿದ್ದಿ ಜನರ ಹಿರಿಯರೂ ಆಫ್ರಿಕಾದವರೇ. ಹಾಗಾಗಿ ಬಡವರ ಊಟ ಅಂತ ರಾಗಿಯನ್ನು ಬಿಡಿಸಿ ಬಿಳಿ ಅನ್ನ ಉಣ್ಣಿಸಿ, ಸಕ್ಕರೆ ಕಾಯಿಲೆ ಬಂದ ಮೇಲೆ ಮತ್ತೆ ಮುದ್ದೆ ತಿನ್ನಿ ಅನ್ನುತ್ತಿರುವ ನಮಗೆ ಸೋಲ್ ಫುಡ್ಡಿನ ಜಗಳ ದೂರದ್ದಲ್ಲ. ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಹೋದ ನಮ್ಮ ಹಿರಿಯರ ಕೈಗೂ ಅದೇ ಸಲಾಡಿನ ಪಟ್ಟಿ ಸಿಗುತ್ತದೆ. ಅದರಲ್ಲಿ ಬಸ್ಸಾರು ಇರುವುದಿಲ್ಲ.

ಆದರೆ ಪಟ್ಟಿಯಲ್ಲಿ ಕಾಲರ್ಡ್ ಸೊಪ್ಪು ಸೇರಿಸಿದರೆ ಕೆಲಸ ಮುಗಿಯಿತು ಅಂತಲೂ ಅಲ್ಲ. ಸೊಪ್ಪು ಕೊಳ್ಳಲು ಅಂಗಡಿ ಬೇಕು. 1930ರ ದಶಕದಲ್ಲಿ ಗೃಹಸಾಲದ ಸರಕಾರಿ ನಕ್ಷೆಗಳು ಸಾಲ ಕೊಡುವುದು ಅಪಾಯ ಅಂತ ಕಪ್ಪು ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದವು. ಅಲ್ಲಿಗೆ ಸಾಲ ಬರಲಿಲ್ಲ, ಬಂಡವಾಳ ಬರಲಿಲ್ಲ, ದೊಡ್ಡ ದಿನಸಿ ಅಂಗಡಿಗಳೂ ಬರಲಿಲ್ಲ. ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ಪೂರ್ವ ಭಾಗದ ಜನ ವರ್ಷಗಟ್ಟಲೆ ಕೇಳಿ ಕೇಳಿ, 2003ರಲ್ಲಿ ಜೆಫರ್ಸನ್ ಅವೆನ್ಯೂದಲ್ಲಿ ಟಾಪ್ಸ್ ಸೂಪರ್‌ಮಾರ್ಕೆಟ್ ಬಂತು. ತಾಜಾ ತರಕಾರಿ ನಡೆದು ಹೋಗಿ ತರುವ ಹಾಗಾಯಿತು.

2022ರ ಮೇ 14, ಶನಿವಾರ. ಕಪ್ಪು ಜನ ಒಂದೇ ಕಡೆ ಸೇರುವ ಜಾಗ ಹುಡುಕಿಕೊಂಡು ದೂರದಿಂದ ಬಂದ ಬಿಳಿಯ ಜನಾಂಗದ್ವೇಷಿಯೊಬ್ಬ ಆ ಅಂಗಡಿಯಲ್ಲಿ ಗುಂಡು ಹಾರಿಸಿ 10 ಕಪ್ಪು ಜನರನ್ನು ಕೊಂದ. ಭಾನುವಾರದ ಅಡುಗೆಗೆ ಸಾಮಾನು ತರುವ ಹೊತ್ತು ಅದು. ಅಂಗಡಿ ಮುಚ್ಚಿತು. ಬೇರೆ ಬಡಾವಣೆಯ ಅಂಗಡಿಗೆ ಹೋಗಲು ಪುಕ್ಕಟೆ ಬಸ್ ಬಿಟ್ಟರು. ಚರ್ಚುಗಳು, ಸಂಘಗಳು ಬೀದಿಯಲ್ಲೇ ಊಟ, ತರಕಾರಿ ಹಂಚಿದವು. ಎರಡು ತಿಂಗಳ ನಂತರ, ಜುಲೈನಲ್ಲಿ, ಒಳಗೆಲ್ಲ ಹೊಸದಾಗಿ ಕಟ್ಟಿ ಬಾಗಿಲು ತೆರೆದರು. ಕೆಲವರು ಅತ್ತುಕೊಂಡೇ ಒಳಗೆ ಹೋದರು. ಕೆಲವರು ಆ ಹೊಸಿಲು ತುಳಿಯುವುದಿಲ್ಲ ಅಂದರು. ಕಾರಿಲ್ಲದವರಿಗೆ ಸೊಪ್ಪು ತರಲು ಹತ್ತಿರದಲ್ಲಿ ಬೇರೆ ಅಂಥ ಅಂಗಡಿ ಇರಲಿಲ್ಲ.